ಬಡವನ ಬಾಗಿಲೂ ಬಾಗಿಲೇ

(ರಾಮನಗರದಲ್ಲಿ ಸೇರಿದ್ದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಕಾರ್ಯಕರ್ತರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣದ ಪಾಠ)



ಈ ಸಭೆಗೆ ಬರುವ ಮುಂಚೆ ಇಬ್ಬರು ನನ್ನನ್ನು ಕಂಡರು. ಮೊದಲು ಬಂದವರು ಇದೇ ಊರಿನ ಒಬ್ಬ ಸಣ್ಣ ರೀಲರು. ಒಂದು ಕೋಣೆಯಲ್ಲಿ ಸಂಸಾರ, ಪಕ್ಕದ ಶೀಟಿನ ಮಾಡಿನ ಕೆಳಗೆ ರೇಷ್ಮೆ ನೂಲು ತೆಗೆಯುವ ಕೆಲಸ. ಸಾಲ ಮಾಡಿ ಮಾರುಕಟ್ಟೆಯಿಂದ ಗೂಡು ತಂದು, ಹಗಲು ರಾತ್ರಿ ದುಡಿದು ತೆಗೆದಿಟ್ಟಿದ್ದ ನೂಲು ಒಂದು ರಾತ್ರಿ ಮಾಯವಾಯಿತು. "ಠಾಣೆಗೆ ನಾಲ್ಕು ಸಾರಿ ಅಲೆದೆ, ವಕೀಲರೇ. ಕಂಪ್ಲೇಂಟು ಬರೆದುಕೊಂಡರು, ಕಳ್ಳ ಸಿಗಲಿಲ್ಲ. ಸಭೆಯಲ್ಲಿ ಏನು ಬೇಕಾದರೂ ಮಾತನಾಡಿ, ಪೋಲೀಸರ ಕೈ ಕಟ್ಟುವ ಮಾತು ಮಾತ್ರ ಆಡಬೇಡಿ" ಎಂದರು.

ಎರಡನೆಯವರು ಬುಟ್ಟಿ ಹೆಣೆದು ಸಂತೆಯಲ್ಲಿ ಮಾರುವ ಕೊರಮರ ಹೆಣ್ಣುಮಗಳು. ಅವರ ಊರಿನ ಹೆಸರನ್ನಾಗಲಿ ಠಾಣೆಯ ಹೆಸರನ್ನಾಗಲಿ ನಾನು ಹೇಳುವುದಿಲ್ಲ. ಹೇಳಿದರೆ ನಾಳೆ ಅವರಿಗೇ ತೊಂದರೆ. "ಎಲ್ಲಿ ಕಳ್ಳತನ ಆದರೂ ನಮ್ಮ ಕೇರಿಗೇ ಬರ್ತಾರೆ, ಸ್ವಾಮಿ. ಮೊನ್ನೆ ರಾತ್ರಿ ಬಂದು ಟ್ರಂಕು ಬೋರಲು ಹಾಕಿದರು. ನನ್ನ ಮಗಳ ಬಟ್ಟೆಬರೆಯೆಲ್ಲ ಬೀದಿಗೆ ಬಿತ್ತು. ಕೇರಿಯ ಗಂಡಸರೆಲ್ಲ ನೋಡ್ತಾ ನಿಂತಿದ್ದರು. ಏನೂ ಸಿಗಲಿಲ್ಲ, ಹೊರಟುಹೋದರು. ಬಟ್ಟೆ ಏನೋ ಮಡಿಸಿ ಇಟ್ಟೆ. ಮಗಳು ಅವತ್ತಿನಿಂದ ಕಾಲೇಜಿಗೆ ಹೋಗಿಲ್ಲ" ಎಂದರು.

ಬಂಧುಗಳೇ, ಈ ಇಬ್ಬರೂ ನಮ್ಮವರೇ. ಒಬ್ಬರ ದುಡಿಮೆ ಕಳುವಾಯಿತು, ಇನ್ನೊಬ್ಬರ ಮಾನ ಕಳುವಾಯಿತು. ಒಬ್ಬರಿಗೆ ನ್ಯಾಯ ಕೊಡಲು ಇನ್ನೊಬ್ಬರಿಗೆ ಅನ್ಯಾಯ ಮಾಡಲೇಬೇಕೆ? ಇದೇ ನನ್ನ ಇವತ್ತಿನ ಪ್ರಶ್ನೆ. ಮಾಡಬೇಕಾಗಿಲ್ಲ ಎಂಬುದೇ ನನ್ನ ಉತ್ತರ. ಆ ಹೆಣ್ಣುಮಗಳ ಟ್ರಂಕು ಬೋರಲಾದುದರಿಂದ ಆ ರೀಲರಿಗೆ ಒಂದು ಎಳೆ ನೂಲೂ ಹಿಂದಕ್ಕೆ ಬರಲಿಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ.

ಖಾಸಗಿ ಬದುಕಿನ ಹಕ್ಕು ಎಂದರೆ ನಮ್ಮಲ್ಲಿ ಅನೇಕರು ನಗುತ್ತಾರೆ. ಅದು ಬಂಗಲೆಯವರ ಮಾತು, ಕಾಂಪೌಂಡು ಗೋಡೆ, ಪರದೆ, ಕಾವಲುಗಾರ ಇರುವವರ ಮಾತು, ಒಂದೇ ಕೋಣೆಯಲ್ಲಿ ಆರು ಜನ ಮಲಗುವವರಿಗೆ ಗುಟ್ಟೇನು ಎನ್ನುತ್ತಾರೆ. ಇದು ತಲೆಕೆಳಗಾದ ವಾದ. ಬಂಗಲೆಯವನನ್ನು ಅವನ ಗೋಡೆ ಕಾಯುತ್ತದೆ. ಗೇಟಿನಲ್ಲಿ ನಿಂತ ಪೋಲೀಸು "ಒಳಗೆ ಬರಬಹುದೇ ಸಾರ್?" ಎಂದು ಕೇಳುತ್ತಾನೆ. ಗುಡಿಸಿಲಿಗೆ ಗೋಡೆಯೂ ಇಲ್ಲ, ಗೇಟೂ ಇಲ್ಲ. ಅದನ್ನು ಕಾಯಬೇಕಾದುದು ಕಾನೂನು ಒಂದೇ. ಆದ್ದರಿಂದ ಈ ಹಕ್ಕು ಎಲ್ಲರಿಗಿಂತ ಹೆಚ್ಚಾಗಿ ಬೇಕಾದದ್ದು ಏನೂ ಇಲ್ಲದವನಿಗೆ. ನಮ್ಮ ಹಳ್ಳಿಯವರಿಗೆ ಇದೇನೂ ಹೊಸದಲ್ಲ. ಮಾನ ಎನ್ನುತ್ತೇವೆ, ಮರೆ ಎನ್ನುತ್ತೇವೆ. ಬೇರೆಯವರ ಮನೆಯ ಹೊಸ್ತಿಲಲ್ಲಿ ನಿಂತು ಕೆಮ್ಮಿ, ಕೂಗಿ, ಆಮೇಲೆ ಒಳಗೆ ಕಾಲಿಡುತ್ತೇವೆ. ಆ ಕೆಮ್ಮಿನಲ್ಲಿಯೇ ಈ ಹಕ್ಕು ಇದೆ.

ಹಾಗಾದರೆ ಕೆಲವರ ಹೊಸ್ತಿಲಿಗೆ ಮಾತ್ರ ಈ ಮರ್ಯಾದೆ ತಪ್ಪಿದ್ದು ಹೇಗೆ? ಅದಕ್ಕೊಂದು ಚರಿತ್ರೆಯಿದೆ.

೧೮೭೧ರಲ್ಲಿ ಬ್ರಿಟಿಷ್ ಸರ್ಕಾರ "ಅಪರಾಧಿ ಬುಡಕಟ್ಟುಗಳ ಕಾಯಿದೆ" ಎಂಬುದನ್ನು ಮಾಡಿತು. ಮೊದಲು ಉತ್ತರ ಹಿಂದೂಸ್ಥಾನದಲ್ಲಿ ಜಾರಿಗೆ ಬಂದ ಈ ಕಾಯಿದೆ, ೧೯೧೧ರ ತಿದ್ದುಪಡಿಯ ಮೇಲೆ ಮದರಾಸು ಪ್ರಾಂತ್ಯಕ್ಕೂ ಬಂತು. ೧೯೨೪ರಲ್ಲಿ ಅದನ್ನು ಇನ್ನೊಮ್ಮೆ ಬಿಗಿಮಾಡಿ ಬರೆದರು. ಮೈಸೂರು ಸಂಸ್ಥಾನವೂ ಇದೇ ಮಾದರಿಯ ಕಾನೂನು ಮಾಡಿಕೊಂಡಿತು. ಅದರ ತಿರುಳು ಇಷ್ಟೆ: ಒಂದು ಜಾತಿಯನ್ನು ಅಪರಾಧಿಯೆಂದು ಗೆಜೆಟ್ಟಿನಲ್ಲಿ ಸಾರುವುದು. ಆ ಜಾತಿಯಲ್ಲಿ ಹುಟ್ಟಿದವನ ಹೆಸರನ್ನು ಪಟ್ಟಿಯಲ್ಲಿ ಬರೆಯುವುದು, ಬೆರಳಚ್ಚು ತೆಗೆಯುವುದು. ಅವನು ಗೊತ್ತಾದ ಹೊತ್ತಿಗೆ ಹಾಜರಿ ಕೊಡಬೇಕು, ಊರು ಬಿಡಬೇಕಾದರೆ ಚೀಟಿ ಪಡೆಯಬೇಕು. ಅವನು ಕದ್ದಿದ್ದಾನೆಯೇ ಎಂದು ಯಾರೂ ಕೇಳುವಂತಿರಲಿಲ್ಲ. ಹುಟ್ಟಿದ್ದೇ ಸಾಕ್ಷಿ.

ಕೊರವರು, ಕೊರಚರು, ಕೊರಮರು ಈ ಪಟ್ಟಿಗೆ ಸಿಕ್ಕಿದರು. ಇವರು ಯಾರು? ಎತ್ತು, ಕತ್ತೆಗಳ ಮೇಲೆ ಕರಾವಳಿಯಿಂದ ಉಪ್ಪು ಹೊತ್ತು ಒಳನಾಡಿಗೆ ತಂದು ಮಾರಿ, ಧಾನ್ಯ ಕೊಂಡು ಹೋಗುತ್ತಿದ್ದ ಜನ. ರೈಲು ಬಂತು, ಸರ್ಕಾರದ ಉಪ್ಪಿನ ಏಕಸ್ವಾಮ್ಯ ಬಂತು. ಇವರ ವ್ಯಾಪಾರ ಬಿದ್ದುಹೋಯಿತು. ಹೊಟ್ಟೆಪಾಡು ಕಳೆದುಕೊಂಡು ಊರಿಂದೂರಿಗೆ ತಿರುಗುವವರನ್ನು ಕಂಡ ಸರ್ಕಾರ, ತಾನು ಕಿತ್ತುಕೊಂಡ ಅನ್ನದ ಲೆಕ್ಕ ಬರೆಯಲಿಲ್ಲ, ಇವರ ಹೆಸರನ್ನು ಬರೆಯಿತು. ಮುಂಬಯಿ ಪ್ರಾಂತ್ಯದಲ್ಲಿ ಇಂಥ ಜನರನ್ನು ತಂತಿಬೇಲಿಯೊಳಗೆ ಕೂಡಿಹಾಕಿದ್ದ ಜಾಗಗಳಿಗೆ ಹುಬ್ಬಳ್ಳಿಯಲ್ಲಿಯೂ ಗದಗದಲ್ಲಿಯೂ ಇವತ್ತಿಗೂ ಜನ "ಸೆಟ್ಲಮೆಂಟು" ಎಂದೇ ಕರೆಯುತ್ತಾರೆ. ಬೇಲಿ ಹೋಯಿತು, ಹೆಸರು ಉಳಿಯಿತು.

ಸ್ವತಂತ್ರ ಭಾರತ ೧೯೫೨ರ ಆಗಸ್ಟ್ ೩೧ರಂದು ಆ ಕಾಯಿದೆಯನ್ನು ರದ್ದುಮಾಡಿತು. ಆ ಜನ ಆ ದಿನವನ್ನು ವಿಮುಕ್ತಿ ದಿನವೆಂದು ಆಚರಿಸುತ್ತಾರೆ. ಆದರೆ ಮುಂಬಾಗಿಲಿಂದ ಹೋದದ್ದು ಹಿತ್ತಲ ಬಾಗಿಲಿಂದ ಬಂತು. ರಾಜ್ಯಗಳು ಒಂದೊಂದಾಗಿ "ರೂಢಿಗತ ಅಪರಾಧಿಗಳ" ಕಾಯಿದೆ ಮಾಡಿದವು. ನಮ್ಮ ಮೈಸೂರು ರಾಜ್ಯ ೧೯೬೧ರಲ್ಲಿ ಮಾಡಿತು. ಕಾಗದದ ಮೇಲೆ ಅದರಲ್ಲಿ ಜಾತಿಯ ಹೆಸರಿಲ್ಲ. ಆದರೆ ಹಳೆಯ ರಿಜಿಸ್ಟರಿನಿಂದ ಹೊಸ ರಿಜಿಸ್ಟರಿಗೆ ಹೆಸರುಗಳನ್ನು ನಕಲು ಮಾಡುವ ಕೈ ಹಳೆಯದೇ ಆಗಿದ್ದರೆ, ಮುಖಪುಟದ ಹೆಸರು ಬದಲಾಗಿ ಏನು ಫಲ? ೨೦೦೭ರಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ನಿವಾರಣಾ ಸಮಿತಿ ಈ ಕಾಯಿದೆಗಳನ್ನು ತೆಗೆದುಹಾಕಿ ಎಂದು ಭಾರತಕ್ಕೆ ಹೇಳಿತು. ಅಮೆರಿಕಾದಲ್ಲಿ ಕರಿಯರ ಮೇಲೆ ಮೈಬಣ್ಣ ನೋಡಿ ಸಂಶಯ ಪಡುವುದನ್ನು ನಾವು ಖಂಡಿಸುತ್ತೇವೆ. ನಮ್ಮಲ್ಲಿ ಬಣ್ಣದ ಬದಲು ಕೇರಿಯ ಹೆಸರು ಕೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಇನ್ನು ನ್ಯಾಯಾಲಯಗಳು ಏನು ಹೇಳಿವೆ ನೋಡೋಣ.

ಉತ್ತರ ಪ್ರದೇಶದಲ್ಲಿ ಖರಕ್ ಸಿಂಗ್ ಎಂಬುವನನ್ನು ೧೯೪೧ರಲ್ಲಿ ದರೋಡೆಯ ಆರೋಪದ ಮೇಲೆ ಹಿಡಿದರು. ಸಾಕ್ಷ್ಯ ಸಾಲದೆ ಬಿಟ್ಟರು. ಬಿಟ್ಟರೇನು, ಠಾಣೆಯಲ್ಲಿ ಅವನ ಹೆಸರಿನಲ್ಲಿ ಹಿಸ್ಟರಿ ಷೀಟು ತೆರೆದರು. ಮಧ್ಯರಾತ್ರಿ ಬಂದು ಬಾಗಿಲು ಬಡಿಯುವುದು, ಕೂಗಿ ಎಬ್ಬಿಸುವುದು, ಊರಿಗೆ ಹೊರಟರೆ ಎಲ್ಲಿಗೆ ಎಂದು ಕೇಳುವುದು ವರ್ಷಗಟ್ಟಲೆ ನಡೆಯಿತು. ಅವನು ಸುಪ್ರೀಂ ಕೋರ್ಟಿಗೆ ಹೋದ. ೧೯೬೨ರ ಡಿಸೆಂಬರ್ ೧೮ರಂದು ಆರು ಜನ ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು: ರಾತ್ರಿ ಮನೆಗೆ ನುಗ್ಗುವುದು ಸಂವಿಧಾನಕ್ಕೆ ವಿರುದ್ಧ, ಮಿಕ್ಕ ಕಣ್ಗಾವಲು ನಡೆಯಬಹುದು, ಖಾಸಗಿ ಬದುಕಿನ ಹಕ್ಕು ಎಂಬುದು ನಮ್ಮ ಸಂವಿಧಾನದಲ್ಲಿಲ್ಲ. ನ್ಯಾಯಮೂರ್ತಿ ಕೋಕಾ ಸುಬ್ಬರಾವ್ ಮತ್ತು ಜೆ. ಸಿ. ಷಾ ಇಬ್ಬರೇ ಇದನ್ನು ಒಪ್ಪಲಿಲ್ಲ. ಆ ಹಕ್ಕು ವ್ಯಕ್ತಿಸ್ವಾತಂತ್ರ್ಯದ ಒಳಗೇ ಇದೆ, ಬೆನ್ನ ಹಿಂದೆ ಸದಾ ಕಣ್ಣಿಟ್ಟವನೊಬ್ಬನಿದ್ದರೆ ಮನುಷ್ಯ ಸ್ವತಂತ್ರನಲ್ಲ ಎಂಬುದು ಅವರ ಅಭಿಪ್ರಾಯ.

ಆ ಇಬ್ಬರ ಮಾತು ಗೆಲ್ಲಲು ಐವತ್ತೈದು ವರ್ಷ ಬೇಕಾಯಿತು. ಗೆಲ್ಲಿಸಿದವರು ನಮ್ಮ ರಾಜ್ಯದವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ತಮ್ಮ ೮೬ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಭಾರತದ ಪ್ರಜೆಗೆ ಖಾಸಗಿ ಬದುಕಿನ ಹಕ್ಕೇ ಇಲ್ಲವೆಂದು ಸರ್ಕಾರದ ವಕೀಲರು ವಾದಿಸಿದರು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಜನ ನ್ಯಾಯಾಧೀಶರೂ ಒಂದೇ ದನಿಯಲ್ಲಿ ಇದೆ ಎಂದರು. ಖರಕ್ ಸಿಂಗ್ ತೀರ್ಪಿನ ಆ ಭಾಗ ಬಿದ್ದುಹೋಯಿತು. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ, ೯೮ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಆಸ್ತಿ ಬೆಂಗಳೂರಿನ ಪಂಡಿತರದು ಮಾತ್ರವಲ್ಲ, ಆ ಬುಟ್ಟಿ ಹೆಣೆಯುವ ಹೆಣ್ಣುಮಗಳದೂ ಹೌದು.

ಯಾವ ಹಕ್ಕಿಗೂ ಮಿತಿಯಿದೆ, ಇದಕ್ಕೂ ಇದೆ. ಮನೆ ಶೋಧಿಸಲೇಬಾರದು, ಯಾರ ಮೇಲೂ ಕಣ್ಣಿಡಲೇಬಾರದು ಎಂದು ಕೋರ್ಟು ಹೇಳಿಲ್ಲ, ನಾನೂ ಹೇಳುವುದಿಲ್ಲ. ಆ ತೀರ್ಪಿನಿಂದ ನಾವು ಕಲಿತ ಪ್ರಶ್ನೆಗಳು ಸುಲಭವಾದವು. ಇದಕ್ಕೆ ಕಾನೂನಿನ ಆಧಾರವಿದೆಯೇ? ಉದ್ದೇಶ ನ್ಯಾಯವಾದುದೇ? ಮಾಡುವ ಕೆಲಸ ಆ ಉದ್ದೇಶಕ್ಕೆ ತಕ್ಕಷ್ಟೇ ಇದೆಯೇ, ಅದಕ್ಕೆ ಮೀರಿದೆಯೇ? ಅಧಿಕಾರ ದುರುಪಯೋಗವಾಗದಂತೆ ತಡೆಯಿದೆಯೇ? ಇಲಿ ಹಿಡಿಯಲು ಮನೆಗೆ ಬೆಂಕಿ ಇಡಬಾರದು ಎಂಬುದನ್ನೇ ಕೋರ್ಟು ತನ್ನ ಭಾಷೆಯಲ್ಲಿ ಹೇಳಿದೆ.

ಹಿಸ್ಟರಿ ಷೀಟುಗಳ ಬಗ್ಗೆಯೂ ಕೋರ್ಟು ಮಾತಾಡಿದೆ. ಕಣ್ಗಾವಲಿನ ಪಟ್ಟಿಗೆ ಹೆಸರು ಸೇರಿಸಬೇಕಾದರೆ ಯುಕ್ತವಾದ ಕಾರಣವಿರಬೇಕು, ಅಧಿಕಾರಿಯ ಮನಸ್ಸಿಗೆ ಬಂದಂತೆ ಸೇರಿಸುವಂತಿಲ್ಲ ಎಂದು ೧೯೮೦ರಲ್ಲಿಯೇ ಹೇಳಿತು. ೨೦೨೪ರ ಮೇ ತಿಂಗಳಿನಲ್ಲಿ ದೆಹಲಿಯ ಒಂದು ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು. ಹಿಂದುಳಿದ ಜಾತಿ, ಪರಿಶಿಷ್ಟ ಜಾತಿ, ಬುಡಕಟ್ಟುಗಳ ಅಮಾಯಕರ ಹೆಸರನ್ನು ಜಾತಿಯ ಪೂರ್ವಗ್ರಹದಿಂದ ಯಾಂತ್ರಿಕವಾಗಿ ಹಿಸ್ಟರಿ ಷೀಟಿಗೆ ಸೇರಿಸಬಾರದು, ಪಟ್ಟಿಯನ್ನು ಮೇಲಧಿಕಾರಿ ಕಾಲಕಾಲಕ್ಕೆ ಪರೀಕ್ಷಿಸಬೇಕು, ಎಲ್ಲ ರಾಜ್ಯಗಳೂ ತಮ್ಮ ನಿಯಮಗಳನ್ನು ತಿರುಗಿ ನೋಡಿಕೊಳ್ಳಬೇಕು ಎಂದಿತು. ನಮ್ಮ ನಾಲ್ಕು ತಾಲ್ಲೂಕುಗಳ ಠಾಣೆಗಳಲ್ಲಿರುವ ರೌಡಿ ಷೀಟು, ಎಂ.ಓ.ಬಿ. ಕಾರ್ಡುಗಳಲ್ಲಿ ಎಷ್ಟನ್ನು ಹಾಗೆ ತಿರುಗಿ ನೋಡಲಾಗಿದೆ ಎಂದು ಕೇಳುವುದು ನಮ್ಮ ಕರ್ತವ್ಯ.

ಸಂಶಯ ಕೃತ್ಯವನ್ನು ಬಿಟ್ಟು ಸಮುದಾಯದ ಮೇಲೆ ತಿರುಗಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕನಕಪುರದ ಕಾಡಂಚಿನಿಂದ ಕಾವೇರಿಯ ಆಚೆ ಮಲೆ ಮಹದೇಶ್ವರ ಬೆಟ್ಟದ ಕಡೆ ನೋಡಿ. ವೀರಪ್ಪನ್ ಅನೇಕರನ್ನು ಕೊಂದವನು. ಅವನನ್ನು ಹಿಡಿಯಲೇಬೇಕಾಗಿತ್ತು. ಆದರೆ ಅವನಿಗಾಗಿ ನಡೆದ ಕಾರ್ಯಾಚರಣೆಯಲ್ಲಿ ಕಾಡಿನ ಸೋಲಿಗರು, ಗಡಿಯ ತಮಿಳು ಮಾತಿನ ಬಡವರು ಊರಿಗೆ ಊರೇ ಸಂಶಯಕ್ಕೆ ಒಳಗಾದರು. ದೂರುಗಳು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಹೋದವು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದ ಸಮಿತಿ ವಿಚಾರಣೆ ನಡೆಸಿತು. ೨೦೦೭ರಲ್ಲಿ ಆಯೋಗ ೮೯ ಜನರಿಗೆ ೨.೮೦ ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ವೀರಪ್ಪನ್ ಸತ್ತದ್ದು ೨೦೦೪ರ ಅಕ್ಟೋಬರಿನಲ್ಲಿ. ಹೊಡೆಸಿಕೊಂಡ ಬಡವರಿಗೆ ಪರಿಹಾರ ಬಂದದ್ದು ಅವನು ಸತ್ತು ಎರಡು ವರ್ಷ ಕಳೆದ ಮೇಲೆ.

ಬೆಂಗಳೂರಿಗೆ ಬನ್ನಿ. ೨೦೨೦ರ ಜನವರಿಯಲ್ಲಿ ಮಾರತಹಳ್ಳಿ ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಗಳ ನೂರಾರು ಗುಡಿಸಿಲುಗಳನ್ನು ಕೆಡವಲಾಯಿತು. ಅಲ್ಲಿರುವವರು ಬಾಂಗ್ಲಾದೇಶದಿಂದ ಅಕ್ರಮವಾಗಿ ಬಂದವರು ಎಂಬ ಮಾತನ್ನು ಹಬ್ಬಿಸಲಾಗಿತ್ತು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕೈಯಲ್ಲಿ ಗುರುತಿನ ಚೀಟಿ ಹಿಡಿದುಕೊಂಡು ಮುರಿದ ತಗಡಿನ ಮುಂದೆ ನಿಂತರು. ಹಾಗೆ ತೆರವು ಮಾಡಿಸಲು ಪೋಲೀಸರಿಗೆ ಅಧಿಕಾರವಿಲ್ಲವೆಂದು ಹೈಕೋರ್ಟು ಹೇಳಬೇಕಾಯಿತು. ಮಾತು, ಮುಖ, ಹೆಸರು ನೋಡಿ ತೀರ್ಮಾನ ಮಾಡುವವರಿಗೆ ಗುರುತಿನ ಚೀಟಿ ಓದುವ ಪುರಸೊತ್ತು ಇರುವುದಿಲ್ಲ.

ಇನ್ನು ನಮ್ಮ ಮನೆಯಂಗಳದ ಮಾತು. ೨೦೨೩ರ ಮಾರ್ಚ್ ೩೧ರ ರಾತ್ರಿ ಕನಕಪುರ ತಾಲ್ಲೂಕಿನ ಸಾತನೂರಿನ ಬಳಿ ದನ ಸಾಗಿಸುತ್ತಿದ್ದ ವಾಹನವೊಂದನ್ನು ಖಾಸಗಿ ಗುಂಪೊಂದು ತಡೆಯಿತು. ವಾಹನದಲ್ಲಿದ್ದ ಮಂಡ್ಯದ ಕಡೆಯ ಒಬ್ಬ ಮುಸಲ್ಮಾನ ದುಡಿಮೆಗಾರ ಮರುದಿನ ಬೆಳಿಗ್ಗೆ ಹೆಣವಾಗಿ ಸಿಕ್ಕಿದ. ಕೊಲೆಯ ಮೊಕದ್ದಮೆ ದಾಖಲಾಯಿತು, ಬಂಧನಗಳಾದವು. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಾನು ಹೇಳುವುದು ಬೇರೆ. ೨೦೨೦ರ ಜಾನುವಾರು ಕಾಯಿದೆ ಶೋಧಿಸುವ, ಜಫ್ತಿ ಮಾಡುವ ಅಧಿಕಾರವನ್ನು ಪೋಲೀಸು ಸಬ್‌ಇನ್‌ಸ್ಪೆಕ್ಟರಿಗೂ ಅವರಿಗಿಂತ ಮೇಲಿನವರಿಗೂ ಕೊಟ್ಟಿದೆ, ದಾರಿಯಲ್ಲಿ ದೊಣ್ಣೆ ಹಿಡಿದು ನಿಂತವರಿಗಲ್ಲ. ಒಂದು ಧರ್ಮದವರ ಗಾಡಿಯೆಂದರೆ ಸಂಶಯ ಪಡಬಹುದು ಎಂಬ ಭಾವನೆ ಸಮಾಜದಲ್ಲಿ ಬೇರು ಬಿಟ್ಟಾಗ, ಪೋಲೀಸರ ಕೆಲಸವನ್ನು ಬೀದಿಯ ಗುಂಪು ಕೈಗೆ ತೆಗೆದುಕೊಳ್ಳುತ್ತದೆ. ದನ ಮಾರುವ ರೈತ ಹಿಂದೂ, ಸಾಗಿಸುವವನು ಮುಸಲ್ಮಾನ. ಸಂಶಯ ಮಾತ್ರ ಒಬ್ಬನ ಮೇಲೆಯೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಿಮಗೆಲ್ಲ ಗೊತ್ತು. ಇದರಲ್ಲಿ ಎಮ್ಮೆಗೆ ನೋವಾಗುತ್ತದೆ ಎಂದಷ್ಟೇ ನಾವು ನೋಡುತ್ತೇವೆ. ಎತ್ತಿನ ಜ್ವರವೂ ವಾಸಿಯಾಗುವುದಿಲ್ಲ ಎಂಬುದನ್ನು ಮರೆಯುತ್ತೇವೆ. "ಹಾಗಾದರೆ ಕಳ್ಳರನ್ನು ಹಿಡಿಯುವುದು ಹೇಗೆ?" ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ನ್ಯೂಯಾರ್ಕ್ ನಗರದ ಪೋಲೀಸರು ಬೀದಿಯಲ್ಲಿ ಹೋಗುವವರನ್ನು ಸಂಶಯದ ಮೇಲೆ ನಿಲ್ಲಿಸಿ ಜೇಬು ತಡವುವ ಪದ್ಧತಿಯನ್ನು ದೊಡ್ಡದಾಗಿ ನಡೆಸಿದರು. ೨೦೧೧ರ ಒಂದೇ ವರ್ಷದಲ್ಲಿ ೬,೮೫,೭೨೪ ಸಾರಿ ಜನರನ್ನು ನಿಲ್ಲಿಸಿದರು. ನಿಂತವರಲ್ಲಿ ಬಹುಪಾಲು ಕರಿಯರು ಮತ್ತು ಸ್ಪ್ಯಾನಿಷ್ ಮಾತಿನವರು. ನೂರರಲ್ಲಿ ೮೮ ಮಂದಿಯ ಮೇಲೆ ದಂಡದ ಚೀಟಿಯನ್ನೂ ಬರೆಯಲಾಗಲಿಲ್ಲ, ಬಂಧಿಸಲೂ ಆಗಲಿಲ್ಲ. ೨೦೧೩ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಧೀಶೆ ಅದು ನಡೆಯುತ್ತಿದ್ದ ರೀತಿ ಸಂವಿಧಾನಬಾಹಿರವೆಂದರು. ೨೦೧೫ರ ಹೊತ್ತಿಗೆ ನಿಲ್ಲಿಸುವ ಲೆಕ್ಕ ವರ್ಷಕ್ಕೆ ೨೫ ಸಾವಿರಕ್ಕಿಂತ ಕೆಳಗಿಳಿಯಿತು. ಊರು ಕಳ್ಳರ ಪಾಲಾಗುತ್ತದೆಂದು ಹೆದರಿಸಿದವರ ಮಾತು ಸುಳ್ಳಾಯಿತು, ಅಪರಾಧ ಏರಲಿಲ್ಲ. ನೂರು ಜನರ ಜೇಬಿಗೆ ಕೈ ಹಾಕಿ ೮೮ ಜನರನ್ನು ವೈರಿಗಳನ್ನಾಗಿ ಮಾಡಿಕೊಂಡ ಪೋಲೀಸರಿಗೆ ಆ ಬೀದಿಯಲ್ಲಿ ನಾಳೆ ಯಾರು ಸಾಕ್ಷಿ ಹೇಳುತ್ತಾರೆ?

ನಮ್ಮ ಊರಿನ ನೂಲಿನ ವಿಷಯಕ್ಕೇ ಬನ್ನಿ. ಕದ್ದ ರೇಷ್ಮೆ ನೂಲನ್ನು ಕಳ್ಳ ತಿನ್ನುವುದಿಲ್ಲ. ಯಾರೋ ಕೊಳ್ಳುತ್ತಾರೆ. ಕೊಳ್ಳುವವನಿಗೆ ತಕ್ಕಡಿಯಿದೆ, ಅಂಗಡಿಯಿದೆ, ಲೆಕ್ಕದ ಪುಸ್ತಕವಿದೆ. ಅವನ ಪುಸ್ತಕ ತೆರೆಸುವುದು ಬಿಟ್ಟು ಬುಟ್ಟಿ ಹೆಣೆಯುವವಳ ಟ್ರಂಕು ತೆರೆಸುವುದು ಏಕೆ? ಅಂಗಡಿಯವನಿಗೆ ವಕೀಲನಿದ್ದಾನೆ, ಶಾಸಕರ ಮನೆಗೆ ಫೋನಿದೆ. ಕೇರಿಗೆ ಎರಡೂ ಇಲ್ಲ. ಸುಲಭವಾಗಿ ಸಿಗುವವನನ್ನು ಹಿಡಿಯುವುದೇ ರೂಢಿಯಾದರೆ ನಿಜವಾದ ಕಳ್ಳನಿಗೆ ಅದಕ್ಕಿಂತ ದೊಡ್ಡ ರಕ್ಷಣೆಯಿಲ್ಲ.

ಇದರಲ್ಲಿ ಪೋಲೀಸು ಪೇದೆಯನ್ನೊಬ್ಬನನ್ನೇ ದೂರಿದರೆ ಅನ್ಯಾಯವಾಗುತ್ತದೆ. ಅವನೂ ರೈತನ ಮಗ, ಕೂಲಿಯವನ ಮಗ. ಗಸ್ತು, ಬಂದೋಬಸ್ತು ಎಂದು ಹೊತ್ತು ಗೊತ್ತಿಲ್ಲದೆ ದುಡಿಯುತ್ತಾನೆ. ಮೇಲಿನಿಂದ "ಮೂರು ದಿನದಲ್ಲಿ ಮಾಲು ವಸೂಲಾಗಬೇಕು" ಎಂಬ ಒತ್ತಡ ಬಂದರೆ ಅವನ ಕಾಲು ತಾನಾಗಿ ಕೇರಿಯ ಕಡೆ ತಿರುಗುತ್ತದೆ. ಹಳೆಯ ರಿಜಿಸ್ಟರು ಅವನಿಗೆ ದಾರಿ ತೋರಿಸುತ್ತದೆ. ಆದ್ದರಿಂದ ರಿಜಿಸ್ಟರನ್ನೂ ಆ ಒತ್ತಡವನ್ನೂ ಸರಿಪಡಿಸದೆ ಪೇದೆಯೊಬ್ಬನನ್ನು ಸಸ್ಪೆಂಡು ಮಾಡಿ ಕೈ ತೊಳೆದುಕೊಂಡರೆ ಪ್ರಯೋಜನವಿಲ್ಲ.

ಈಗ ಹೊಸ ಕಾಲದ ರಿಜಿಸ್ಟರುಗಳು ಬಂದಿವೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನಮ್ಮ ರಾಮನಗರ, ಚನ್ನಪಟ್ಟಣಗಳ ಪಕ್ಕದಲ್ಲಿಯೇ ಗಾಡಿಯ ನಂಬರು ಓದುವ ಕ್ಯಾಮೆರಾಗಳಿವೆ. ಅವು ಬಂದ ಮೇಲೆ ವೇಗಕ್ಕೆ ಕಡಿವಾಣ ಬಿತ್ತು, ಆ ದಾರಿಯ ಸಾವುಗಳು ಇಳಿದವು. ಇದನ್ನು ನಾನು ಸ್ವಾಗತಿಸುತ್ತೇನೆ. ಆ ಕ್ಯಾಮೆರಾ ಎಲ್ಲರ ಗಾಡಿಯನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ, ವೇಗವೆಂಬ ಕೃತ್ಯವನ್ನು ಹಿಡಿಯುತ್ತದೆ, ಜಾತಿಯನ್ನಲ್ಲ. ಆದರೆ ಅದೇ ಕ್ಯಾಮೆರಾದ ದಾಖಲೆಯಿಂದ ಯಾರು ಯಾವ ಸಭೆಗೆ ಹೋದರು, ಯಾರ ಮನೆಗೆ ಹೋದರು ಎಂದು ಲೆಕ್ಕ ತೆಗೆಯಲು ಹೊರಟರೆ ಅದು ಬೇರೆ ಮಾತು. ಅದಕ್ಕೆ ಮೇಲಿನ ನಾಲ್ಕು ಪ್ರಶ್ನೆಗಳನ್ನು ಕೇಳಲೇಬೇಕು.

೨೦೨೨ರಲ್ಲಿ ಪಾರ್ಲಿಮೆಂಟು ಅಪರಾಧಿಗಳ ಗುರುತಿಗಾಗಿ ಹೊಸ ಕಾಯಿದೆ ಮಾಡಿತು. ಶ್ವೇತವರ್ಣೀಯರ ಸರ್ಕಾರದ ೧೯೨೦ರ ಕಾಯಿದೆಯ ಜಾಗಕ್ಕೆ ಅದು ಬಂತು. ಶಿಕ್ಷೆಯಾದವರಿಂದ ಮಾತ್ರವಲ್ಲ, ಬಂಧನಕ್ಕೊಳಗಾದವರಿಂದಲೂ ಬೆರಳಚ್ಚು, ಕಣ್ಣಿನ ಗುರುತು ಮುಂತಾದುವನ್ನು ತೆಗೆದುಕೊಳ್ಳಬಹುದು, ಆ ದಾಖಲೆಯನ್ನು ೭೫ ವರ್ಷ ಇಡಬಹುದು. ಯೋಚಿಸಿ ನೋಡಿ. ಇಪ್ಪತ್ತು ವರ್ಷದ ಹುಡುಗನೊಬ್ಬನ ಗುರುತು ಅವನಿಗೆ ೯೫ ವರ್ಷವಾಗುವವರೆಗೆ ಸರ್ಕಾರದ ಪೆಟ್ಟಿಗೆಯಲ್ಲಿರುತ್ತದೆ. ಬಿಡುಗಡೆಯಾದರೆ ದಾಖಲೆ ಅಳಿಸಬೇಕೆಂದು ಕಾಯಿದೆಯಲ್ಲಿದೆ, ನಿಜ. ಅಳಿಸಿದರೇ ಎಂದು ನೋಡಿಕೊಂಡು ಬರಲು ಕೇರಿಯ ಹುಡುಗ ಯಾವ ಆಫೀಸಿಗೆ ಹೋಗಬೇಕು? ಯಂತ್ರಕ್ಕೆ ಜಾತಿಯಿಲ್ಲ ಎನ್ನುತ್ತಾರೆ. ಆದರೆ ಪೇದೆ ಯಾವ ಕೇರಿಯವರನ್ನು ಹೆಚ್ಚು ಹಿಡಿದು ತರುತ್ತಾನೋ ಆ ಕೇರಿಯೇ ಯಂತ್ರದಲ್ಲಿ ಹೆಚ್ಚು ತುಂಬುತ್ತದೆ. ಬಾವಿಯಲ್ಲಿದ್ದುದೇ ಕೊಡಕ್ಕೆ ಬರುವುದು.

ಒಂದು ಹೋಲಿಕೆ ಹೇಳುತ್ತೇನೆ. ೧೯೮೮ರಲ್ಲಿ ನಮ್ಮ ರಾಜ್ಯದಲ್ಲಿ ರಾಜಕಾರಣಿಗಳ, ಪತ್ರಕರ್ತರ ಟೆಲಿಫೋನುಗಳನ್ನು ಕದ್ದು ಕೇಳಿದ ಆರೋಪ ಬಂತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು. ಟೆಲಿಫೋನು ಕದ್ದು ಕೇಳುವುದಕ್ಕೆ ಗೃಹ ಕಾರ್ಯದರ್ಶಿಯ ಲಿಖಿತ ಆಜ್ಞೆ ಬೇಕು, ಅದನ್ನು ಒಂದು ಸಮಿತಿ ಪರಿಶೀಲಿಸಬೇಕು ಎಂದು ೧೯೯೬ರಲ್ಲಿ ಸುಪ್ರೀಂ ಕೋರ್ಟು ನಿಯಮ ಹಾಕಿತು. ೨೦೧೯ರಲ್ಲಿ ಮತ್ತೆ ಆರೋಪ ಬಂದಾಗ ಸಿ.ಬಿ.ಐ. ತನಿಖೆಗೆ ಆಜ್ಞೆಯಾಯಿತು. ಬಹಳ ಸರಿ. ದೊಡ್ಡವರ ಮಾತನ್ನು ಕದ್ದು ಕೇಳಿದರೆ ಸರ್ಕಾರ ನಡುಗುತ್ತದೆ. ಬಡವಳ ಟ್ರಂಕನ್ನು ಎಲ್ಲರೆದುರಿಗೆ ಬೋರಲು ಹಾಕಿದರೆ ಒಂದು ಹಾಳೆ ಕಾಗದವೂ ಅಲುಗುವುದಿಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ದಿನ ಬರಬೇಕೆಂಬುದೇ ನಮ್ಮ ಹೋರಾಟ.

ಇನ್ನು ಕೆಲಸದ ಮಾತು. ನೀವು ಊರಿಗೆ ಹಿಂದಿರುಗಿದ ಮೇಲೆ ಕೇರಿ ಕೇರಿಗೆ ಹೋಗಿ ತಿಳಿಸಬೇಕಾದ ಸಂಗತಿ ಇದು. ೨೦೨೪ರ ಜುಲೈ ೧ರಿಂದ ಹಳೆಯ ಕ್ರಿಮಿನಲ್ ಪ್ರೊಸೀಜರ್ ಕೋಡಿನ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ ೧೮೫ನೆಯ ಕಲಮಿನ ಪ್ರಕಾರ, ವಾರೆಂಟಿಲ್ಲದೆ ಮನೆ ಶೋಧಿಸುವ ಅಧಿಕಾರಿ, ಏಕೆ ಶೋಧಿಸುತ್ತೇನೆ, ಯಾವ ವಸ್ತುವಿಗಾಗಿ ಎಂಬುದನ್ನು ಮೊದಲೇ ಬರೆದಿಡಬೇಕು. ಆ ಬರಹದ ಪ್ರತಿ ೪೮ ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಅರ್ಜಿ ಹಾಕಿದರೆ ಮನೆಯವರಿಗೂ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ೧೦೩ನೆಯ ಕಲಮಿನ ಪ್ರಕಾರ ಸ್ಥಳೀಯರಾದ ಇಬ್ಬರು ಪಂಚರು ಇರಬೇಕು. ಮನೆಯವರು ನಿಂತು ನೋಡಲು ಬಿಡಬೇಕು. ತೆಗೆದುಕೊಂಡ ಪ್ರತಿಯೊಂದು ವಸ್ತುವಿನ ಪಟ್ಟಿ ಮಾಡಿ, ಪಂಚರ ರುಜು ಹಾಕಿಸಿ, ಪ್ರತಿ ಕೊಡಬೇಕು. ಹೆಂಗಸರ ಮೈ ತಪಾಸಣೆಯನ್ನು ಹೆಂಗಸೇ ಮರ್ಯಾದೆಯಿಂದ ಮಾಡಬೇಕು. ೧೦೫ನೆಯ ಕಲಮಿನ ಪ್ರಕಾರ ಇಡೀ ಶೋಧನೆಯನ್ನು ವೀಡಿಯೋದಲ್ಲಿ ಹಿಡಿದು ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು.

ಇವು ಯಾರೂ ದಯಪಾಲಿಸುವ ಭಿಕ್ಷೆಯಲ್ಲ, ಕಾನೂನು. ಆದರೆ ಒಂದು ಎಚ್ಚರಿಕೆ: ಬಾಗಿಲಿಗೆ ಬಂದ ಪೋಲೀಸರನ್ನು ತಡೆಯಬೇಡಿ, ತಳ್ಳಬೇಡಿ, ಬೈಯಬೇಡಿ. ಹಾಗೆ ಮಾಡಿದರೆ ಹೊಸ ಮೊಕದ್ದಮೆಯೊಂದನ್ನು ನೀವೇ ಕೈಗೆ ಕೊಟ್ಟಂತಾಗುತ್ತದೆ. ಕೇಳಿ: "ಸ್ವಾಮಿ, ಯಾವ ವಸ್ತು ಹುಡುಕುತ್ತಿದ್ದೀರಿ? ಪಂಚರು ಯಾರು? ಪಟ್ಟಿ ಕೊಡಿ." ದಿನ, ಹೊತ್ತು, ಬಂದವರ ಹೆಸರು ಬರೆದಿಡಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಬರೆಸಿ. ಮರುದಿನ ತಾಲ್ಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಪರಿಶಿಷ್ಟರಿಗೆ, ಹೆಂಗಸರಿಗೆ ಅಲ್ಲಿ ವಕೀಲನನ್ನು ಹಣವಿಲ್ಲದೆ ಕೊಡುತ್ತಾರೆ. ಕಾಡಂಚಿನ ಇರುಳಿಗರ ಹಾಡಿಗಳಿಗೂ ಈ ಮಾತು ಮುಟ್ಟಬೇಕು.

ನಮ್ಮ ಬೇಡಿಕೆಗಳು ಮೂರು. ಒಂದು, ನಾಲ್ಕು ತಾಲ್ಲೂಕುಗಳ ಹಿಸ್ಟರಿ ಷೀಟು, ರೌಡಿ ಷೀಟು, ಎಂ.ಓ.ಬಿ. ದಾಖಲೆಗಳನ್ನು ಮೇಲಧಿಕಾರಿಗಳು ೨೦೨೪ರ ತೀರ್ಪಿನ ಬೆಳಕಿನಲ್ಲಿ ಪರೀಕ್ಷಿಸಿ, ಜಾತಿಯ ಕಾರಣದಿಂದ ಸೇರಿದ ಹೆಸರುಗಳನ್ನು ತೆಗೆಯಬೇಕು. ಪಟ್ಟಿಯಲ್ಲಿರುವವನಿಗೆ ಕಾರಣ ತಿಳಿಸಿ, ಅವನ ಉತ್ತರ ಕೇಳಬೇಕು. ಎರಡು, ಕೃತ್ಯಕ್ಕೆ ಸಂಬಂಧಿಸಿದ ಸಂಶಯ ಬರಹದಲ್ಲಿಲ್ಲದೆ ಯಾವ ಕೇರಿಯನ್ನೂ ಸಾಮೂಹಿಕವಾಗಿ ಶೋಧಿಸಬಾರದು. ಮೂರು, ೨೦೧೨ರಲ್ಲಿ ನಮ್ಮ ಪೋಲೀಸು ಕಾಯಿದೆಗೆ ತಿದ್ದುಪಡಿಯಾಗಿ ಜಿಲ್ಲೆಗೊಂದು ಪೋಲೀಸು ದೂರು ಪ್ರಾಧಿಕಾರವೆಂದು ಕಾನೂನಿನಲ್ಲಿ ಬಂದಿದೆ. ಅದು ಎಲ್ಲಿದೆ, ದೂರು ಕೊಡುವುದು ಹೇಗೆ ಎಂದು ಪ್ರತಿ ಠಾಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು. ೨೦೦೭ರಲ್ಲಿ ರಾಮನಗರ ಜಿಲ್ಲೆಯೆಂದು ಹುಟ್ಟಿ ೨೦೨೫ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡ ಈ ಜಿಲ್ಲೆಯ ಆಡಳಿತಕ್ಕೆ, ಹೆಸರಿನ ಫಲಕ ಬರೆಸಿದ ಬಣ್ಣದಲ್ಲಿ ಇಷ್ಟು ಉಳಿದೀತು.

ಕೊನೆಯದಾಗಿ, ಆ ಇಬ್ಬರ ವಿಷಯ. ಕಂಪ್ಲೇಂಟಿನ ಮೇಲೆ ತನಿಖೆ ಎಲ್ಲಿಗೆ ಬಂತು, ಕದ್ದ ನೂಲು ಕೊಳ್ಳುವವರನ್ನು ವಿಚಾರಿಸಿದ್ದಾರೆಯೇ ಎಂದು ಕೇಳಿ ರೀಲರ ಹೆಸರಿನಲ್ಲಿ ಒಂದು ಅರ್ಜಿ ಬರೆದೆ. ಶೋಧನೆಯ ದಾಖಲೆಯ ಪ್ರತಿ ಕೊಡಿ ಎಂದು ಆ ಹೆಣ್ಣುಮಗಳ ಹೆಸರಿನಲ್ಲಿ ಇನ್ನೊಂದು ಬರೆದೆ. ಅವರು ಹೆಬ್ಬೆಟ್ಟು ಒತ್ತುವ ಮುಂಚೆ ಸ್ವಲ್ಪ ಹೊತ್ತು ಯೋಚಿಸಿದರು. "ಇದನ್ನು ಕೊಟ್ಟರೆ ಮತ್ತೆ ಬರ್ತಾರೇನೋ" ಎಂದರು. ಪಕ್ಕದಲ್ಲಿ ಕುಳಿತಿದ್ದ ರೀಲರು ಅದನ್ನು ಕೇಳಿಸಿಕೊಂಡರು. "ಅಕ್ಕಾ, ನನ್ನ ನೂಲು ನಿಮ್ಮ ಮನೆಯಲ್ಲಿ ಹುಡುಕಿದರೇನು?" ಎಂದು ಕೇಳಿದರು. "ಯಾರ ನೂಲೋ, ಯಾರಿಗೆ ಗೊತ್ತು, ಅಣ್ಣ. ಅವರು ಹೇಳಲಿಲ್ಲ" ಎಂದರು ಆಕೆ. "ಹಾಗಾದರೆ ನಾಳೆ ಠಾಣೆಗೆ ನಾನೂ ಬರುತ್ತೇನೆ, ಇಬ್ಬರೂ ಒಟ್ಟಿಗೇ ಕೊಡೋಣ" ಎಂದರು ರೀಲರು.

ಅವರಿಬ್ಬರೂ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಹೊರಡುತ್ತಾರೆ. ಜೊತೆಗೆ ನಿಮ್ಮಲ್ಲಿ ಹತ್ತು ಮಂದಿ ಬಂದರೆ, ಇಲ್ಲಿ ನಾನು ಇಷ್ಟು ಹೊತ್ತು ಮಾತನಾಡಿದ್ದು ಸಾರ್ಥಕ.